ಬಣವೆಯಲ್ಲಿ ಸಿಕ್ಕ ಆರು ಬಾಟಲಿ

“ಯಾರಿಟ್ಟಾರ ಇದನ್ನ?”

ನೀಲಾಂಬಿಕಾಳ ಕೂಗಿಗೆ ಹಿತ್ತಲಿನ ಎಮ್ಮೆಗಳೂ ಮೇವು ಬಿಟ್ಟು ತಲೆ ಎತ್ತಿದವು. ಬಣವೆಯಿಂದ ಹುಲ್ಲು ಹಿರಿಯಲು ಹೋದವಳ ಕೈಗೆ ಬಂದದ್ದು ಬಾಟಲಿ. ಒಂದಲ್ಲ, ಆರು! ತಿಳವಳ್ಳಿಯಲ್ಲಿ ಯಾರಿಗೂ ಸೊಪ್ಪು ಹಾಕದ ಗಟ್ಟಿಗಿತ್ತಿ ಅವಳು. ಗಂಡ ಸತ್ತ ಮೇಲೆ ಮನೆತನವನ್ನು ಒಬ್ಬಳೇ ಎತ್ತಿ ನಿಲ್ಲಿಸಿದವಳು. ಆದರೆ ಆ ಬಾಟಲಿಗಳನ್ನು ನೆಲಕ್ಕಿಟ್ಟು ಅವಳು ಹಾವು ಕಂಡವಳಂತೆ ಹಿಂದೆ ಸರಿದಳು... ಗಂಡ ಪರಮೇಶಪ್ಪನೂ ಶೆರೆಯನ್ನು ಬಣವೆಯಲ್ಲೇ ಅಡಗಿಸಿಡುತ್ತಿದ್ದ. ಕುಡಿದು ಕುಡಿದು ನಲವತ್ತೆರಡಕ್ಕೇ ಮಣ್ಣಾದ. ಇನ್ನು ಈ ಮನೆಯ ಹೊಸ್ತಿಲೊಳಗೆ ಒಂದು ಹನಿಯೂ ಬರಬಾರದೆಂದು ಅವಳು ಆಣೆ ಮಾಡಿದ್ದು ಅಂದೇ.

ಮಗ ಮಾಲತೇಶ ಓಡಿಬಂದ. ಅವನ ಹಿಂದೆಯೇ ಸೊಸೆ ಶ್ವೇತಾ.

“ಯವ್ವಾ, ನನಗೇನ ಗೊತ್ತಿಲ್ಲ... ಆ ಹುಲಗೇಶ ಇಟ್ಟಿರಬೇಕ ನೋಡು,” ಎಂದು ಮಗ ಎಮ್ಮೆ ಕಾಯುವ ಆಳಿನ ತಲೆಗೆ ಕಟ್ಟಿದ.

ಅಯ್ಯೋ! ಪರಮೇಶಪ್ಪನೂ ಸಿಕ್ಕಿಬಿದ್ದಾಗಲೆಲ್ಲ ಆಳಿನ ಹೆಸರನ್ನೇ ಹೇಳುತ್ತಿದ್ದ. ಈಗ ಮಗನ ಬಾಯಲ್ಲೂ ಅದೇ ಸುಳ್ಳು!

“ಸುಳ್ಳು ಹೇಳಬ್ಯಾಡ್ರಿ,” ಎಂದು ಶ್ವೇತಾ ಗಂಡನನ್ನು ಸರಿಸಿ ಮುಂದೆ ಬಂದಳು. “ಅತ್ತೀ, ನಾನ ಇಟ್ಟೇನಿ. ವೈನ್ ಅದು. ಇವತ್ತ ನಾಕಕ್ಕ ಹುಬ್ಬಳ್ಳಿ ಹೋಟೆಲ್‌ನವರು ನಮ್ಮ ಚೀಸ್ ರುಚಿ ನೋಡಾಕ ಬರಾಕತ್ತಾರ. ಚೀಸ್ ಜೋಡಿ ವೈನ್ ಇಟ್ಕೊಂಡ ನೋಡೋದು ಅವರ ಪದ್ಧತಿ. ನಿಮಗ ನೋವಾಗತೈತಿ ಅಂತ ಮುಚ್ಚಿಟ್ಟೆ. ತಪ್ಪಾತು. ನೀವು ಬ್ಯಾಡ ಅಂದ್ರ ಈಗ ಫೋನ್ ಮಾಡಿ ಬರಬ್ಯಾಡ್ರಿ ಅಂತೇನಿ.”

ಅವಳ ದನಿ ಅಲುಗಲಿಲ್ಲ. ಕಣ್ಣು ಮಾತ್ರ ತುಂಬಿತ್ತು. ಎರಡು ವರ್ಷ ಎಮ್ಮೆ ಹಾಲನ್ನು ಒಡೆಸಿ, ಹದ ತಪ್ಪಿದ್ದನ್ನು ತಿಪ್ಪೆಗೆ ಚೆಲ್ಲಿ, ಮತ್ತೆ ಒಲೆ ಹಚ್ಚಿ ಕಲಿತ ವಿದ್ಯೆ ಅದು. ಇವತ್ತು ತಪ್ಪಿದರೆ ಆ ಹೋಟೆಲಿನವರು ಇನ್ನೊಮ್ಮೆ ತಿಳವಳ್ಳಿಯ ದಾರಿ ಹಿಡಿಯುವವರಲ್ಲ.

ನೀಲಾಂಬಿಕಾ ಸೊಸೆಯ ಮುಖವನ್ನೇ ನೋಡಿದಳು. ‘ನಾನೇ ಇಟ್ಟೆ’ ಎಂದು ಈ ಮನೆಯಲ್ಲಿ ಈತನಕ ಯಾರೂ ಅಂದಿರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಫೋನ್ ಗೀನ್ ಏನ ಬ್ಯಾಡ! ನನ್ನ ಸಂಸಾರ ಹಾಳ ಮಾಡಿದ್ದು ಬರೇ ಶೆರಿ ಅಲ್ಲವ್ವಾ, ಈ ಮುಚ್ಚಿಡೋದು. ಅವರು ನನ್ನಿಂದ ಮುಚ್ಚಿಟ್ರು, ನಾನು ಮಂದಿಯಿಂದ ಮುಚ್ಚಿಟ್ಟೆ... ಎತ್ತು ಬಾಟ್ಲಿ. ಪಡಸಾಲ್ಯಾಗ ಎಲ್ಲಾರ ಕಣ್ಣಮುಂದ ಇಡು. ನನ್ನ ಆಣಿ ನಾನ ಮುರೀತೇನಿ. ಮಾಲತೇಶ, ನೀ ಹೋಗಿ ಹುಲಗೇಶನ ಮುಂದ ತಪ್ಪಾತು ಅಂತ ಹೇಳಿ ಬಾ!”

ನಾಲ್ಕಕ್ಕೆ ಮೂವರು ಬಂದರು. ಚೀಸ್ ತುಂಡುಗಳ ಪಕ್ಕ ಖಡಕ್ ರೊಟ್ಟಿ, ಹೆಚ್ಚಿದ ಪೇರಲ ಹಣ್ಣು. ನೀಲಾಂಬಿಕಾ ಎದುರಿಗೇ ಕುರ್ಚಿ ಹಾಕಿಕೊಂಡು ಫೌಜದಾರನಂತೆ ಕುಳಿತಳು. ಪಾಪ, ಬಂದವರಿಗೆ ಮೊದಲ ಗುಟುಕು ಗಂಟಲಲ್ಲಿ ಇಳಿದದ್ದೇ ಹೆಚ್ಚು! ಗ್ಲಾಸು ತುಂಬುವಾಗಲೆಲ್ಲ ಅವಳ ಮುಷ್ಟಿ ಬಿಗಿಯುತ್ತಿತ್ತು. ಯಾವಾಗ ದನಿ ಏರುತ್ತದೋ, ಯಾವಾಗ ತಾಟು ಹಾರುತ್ತದೋ... ಏನೂ ಆಗಲಿಲ್ಲ.

ಹೋಟೆಲಿನ ಮುಖ್ಯ ಬಾಣಸಿಗ ಮೃತ್ಯುಂಜಯ ಕೊನೆಯ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ. “ವಾರಕ್ಕ ಇಪ್ಪತ್ತು ಕಿಲೋ ಕಳಸ್ರಿ ತಂಗಿ,” ಎಂದು ಎದ್ದ. ಶ್ವೇತಾ ಬಾಯಿಗೆ ಸೆರಗು ಒತ್ತಿಕೊಂಡಳು.

ನೀಲಾಂಬಿಕಾಳ ಕಣ್ಣು ಅವನ ಗ್ಲಾಸಿನ ಮೇಲಿತ್ತು. ಅದರಲ್ಲಿ ಅರ್ಧ ವೈನ್ ಹಾಗೆಯೇ ಉಳಿದಿತ್ತು.

“ಯಾಕ್ರಿ, ಬಿಟ್ಟ ಎದ್ರಲ್ಲ? ಚಲೋ ಇರಲಿಲ್ಲೇನ್ರಿ?”

“ಭಾಳ ಚಲೋ ಇತ್ರಿ ಅವ್ವಾರ. ಸಾಕಾತು.”

ಕಾರು ಹೋದ ಮೇಲೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಗಾಬರಿಯಿಂದ ಬಂದು ಭುಜ ಹಿಡಿದ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಸಾಕಾತು ಅಂದ್ರಲ್ಲವ್ವಾ... ಎಷ್ಟ ಸಣ್ಣ ಮಾತು! ನಿಮ್ಮ ಮಾವಾರು ಒಂದ ದಿನಾ ಹಂಗ ಅಂದಿದ್ರ...” ಎಂದವಳೇ ಸೊಸೆಯ ಸೆರಗಿನಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.