ಕಾಣದ ಹಸಿರು ಬಟನ್

ಕುತ್ತಿಗೆಗೆ ಚಾಕು ಒತ್ತಿತ್ತು. ಮೀನು ಸೀಳುವ ಚಾಕು!

ಹಿಡಿದವನು ಕೋಲ್ಡ್ ಸ್ಟೋರೇಜಿನ ಕಾವಲುಗಾರ. ತಪ್ಪು ನನ್ನದೇ ಅನ್ನಿ. ಬಂದವನೇ ಅವನ ಮ್ಯಾನೇಜರನ ಕಾಲರ್ ಹಿಡಿದಿದ್ದೆ.

ಹಿಡಿಯದೆ? ಕಚೇರಿಯ ಗಾಜಿನಾಚೆಯ ಕಬ್ಬಿಣದ ಬಾಗಿಲೊಳಗೆ ನನ್ನ ತಮ್ಮನಿದ್ದ... ಹೆಪ್ಪುಗಟ್ಟುವ ಚಳಿಯಲ್ಲಿ! ಒಳಗಿನ ಹಿಡಿ ಕೆಟ್ಟಿತ್ತು. ಕಂಪ್ಯೂಟರಿನಲ್ಲಿ ಬಟನ್ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು.

ತಮ್ಮ ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವನು. ಕೊಳೆತ ಮೀನಿಗೆ ಹೊಸ ತಾರೀಖು ಹಾಕಿ ಮಾರುವುದನ್ನು ಕಂಡುಹಿಡಿದು ಬೆಳಿಗ್ಗೆ ಫೋನ್ ಮಾಡಿದ್ದ. ಪತ್ತೇದಾರನಾದ ನಾನು ಬರುವಷ್ಟರಲ್ಲಿ, ಅವನು ಒಳಗಿರುವಾಗಲೇ ಬಾಗಿಲು ಮುಚ್ಚಿಕೊಂಡಿತ್ತು.

"ತೆಗಿಯೋ ಬಾಗಿಲು!"

"ನಾನೇನ್ ಸುಮ್ನೆ ಕೂತಿದೀನಾ?" ಮ್ಯಾನೇಜರ್ ಕೈ ಹಿಸುಕಿಕೊಂಡ. "ಬ್ರೌಸರ್ ತಾನಾಗೇ ಅಪ್‌ಡೇಟ್ ಆಗೋಯ್ತು. ಹಸಿರು ಬಟನ್ ಒತ್ತಿ ಒತ್ತಿ ಬೆರಳು ಸವೀತು!"

ಪರದೆಯತ್ತ ಕಣ್ಣು ಹೊರಳಿಸಿದೆ.

ಬಟನ್ನೇ ಇರಲಿಲ್ಲ! ಬರೀ ಬೂದು ಚೌಕ.

ತಮ್ಮ ನನ್ನ ತಲೆ ತಿಂದಿದ್ದು ನೆನಪಾಯಿತು. ಬಾಗಿಲು ತೆರೆಯುವ ಆ ವೆಬ್ ಪುಟ ಕಟ್ಟಿದ್ದು ಹಳೇ ಪದ್ಧತಿಯಲ್ಲಿ. ಹೊಸ ಬ್ರೌಸರ್ ಆ ಪದ್ಧತಿಯನ್ನು ಕೈಬಿಟ್ಟಿದೆ. ಅಪ್‌ಡೇಟ್ ಮಾಡಿದರೆ ಬಟನ್ ಮೂಡುವುದೇ ಇಲ್ಲ. ಅದಕ್ಕೇ ಅವನು ಅಪ್‌ಡೇಟ್ ನಿಲ್ಲಿಸಿಟ್ಟಿದ್ದ. ಅದು ತಾನಾಗೇ ಆಗುವಂತಿಲ್ಲ, ಯಾರಾದರೂ ಬೇಕೆಂದೇ ಮಾಡಬೇಕು!

"ಕಾವಲಣ್ಣ, ನನ್ನ ಕುತ್ತಿಗೆ ಎಲ್ಲೂ ಓಡಿಹೋಗಲ್ಲ. ಅಲ್ಲಿ ಹಸಿರು ಬಟನ್ ತೋರ್ಸು... ಆಮೇಲೆ ಕುಯ್ಯಿ."

ಅವನು ಬಗ್ಗಿ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಎಲ್ಲಿದೆ ಸಾರ್? ಏನನ್ನ ಒತ್ತುತ್ತಾ ಇದ್ರಿ ಇಷ್ಟೊತ್ತು?"

ಮ್ಯಾನೇಜರ್ ಓಟ ಕಿತ್ತ! ಕುರ್ಚಿಯನ್ನು ಅವನತ್ತ ಒದ್ದೆ. ಮೊಣಕಾಲಿಗೆ ಬಡಿದು ಮುಗ್ಗರಿಸಿದ.

"ಆ ನನ್ಮಗನ್ನ ಹಿಡ್ಕೋ!"

ಚಾಕು ದಿಕ್ಕು ಬದಲಿಸಿತು.

ಮೇಜಿನ ಕೆಳಗಿದ್ದ ತಮ್ಮನ ಚೀಲ ಎಳೆದು ಲ್ಯಾಪ್‌ಟಾಪ್ ತೆಗೆದೆ. ಈ ಪುಟಕ್ಕೆಂದೇ ಅದರಲ್ಲಿ ಹಳೇ ಬ್ರೌಸರ್ ಉಳಿಸಿಕೊಂಡಿದ್ದ. ಪುಟ ತೆವಳುತ್ತಾ ಮೂಡಿತು... ಬೂದು... ಬೂದು...

ಹಸಿರು!

ಒತ್ತಿದೆ.

ಬಾಗಿಲು ಸರಿಯಿತು. ತಮ್ಮ ಹೊಸ್ತಿಲಲ್ಲೇ ಬಿದ್ದಿದ್ದ. ಹುಬ್ಬಿನ ಮೇಲೆ ಮಂಜು. ಬೆರಳುಗಳು ಕಟ್ಟಿಗೆಯಂತೆ ಸೆಟೆದಿದ್ದವು. ಬಾಗಿಲನ್ನು ಪರಚಿ ಪರಚಿ ಉಗುರು ಕಿತ್ತುಬಂದಿದ್ದವು.

ಉಸಿರಿತ್ತು!

"ಅಣ್ಣಾ... ಬಾಗಿಲು ಮುಚ್ಬೇಡ..."

"ಇಲ್ಲ ಮರಿ, ಮುಚ್ಚಲ್ಲ."

ಹೊತ್ತು ತಂದು ಬಿಸಿಲಿಗೆ ಮಲಗಿಸಿದೆ. ಆಂಬುಲೆನ್ಸಿಗೂ ಪೊಲೀಸರಿಗೂ ಫೋನ್ ಮಾಡಿದೆ.

ಬಾಗಿಲು ಮುಚ್ಚಲ್ಲ ಎಂದ ಮಾತಿಗೆ ತಪ್ಪಲಿಲ್ಲ... ಮ್ಯಾನೇಜರನ್ನು ಒಳಕ್ಕೆ ನೂಕುವವರೆಗೆ!