ಕುಳ್ಳ ತಲೆ ಬಗ್ಗಿಸಿದ ಬಾಗಿಲು

ಒಡೆದ ಪಿಟೀಲಿನ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡ ಲಂಬು, ತಲೆ ಬಗ್ಗಿಸಿ, ಬಣ್ಣ ಬಳಿದ ಪಿಟೀಲು ಒಣಗಿಸುವ ಒಣಕೋಣೆಯ ಗಿಡ್ಡ ಬಾಗಿಲಿನಿಂದ ಹೊರಬಂದ.

"ಅಣ್ಣನ ಕೈ ನಡುಗಿಬಿಡ್ತೇನೋ, ಪಾಪ. ಯಾರೂ ಬೈಬೇಡಿ," ಎಂದ.

ಪುಸ್ತಕಕ್ಕೆ ರಟ್ಟು ಕಟ್ಟುವ ರಟ್ಟಮ್ಮ ಆ ಮಾತನ್ನು ನಂಬಿದಳು.

ಆ ಬೀದಿಯ ಕಸುಬಿನವರೆಲ್ಲ ಸೇರಿ ಕೊಂಡ ರೋಬೋಟ್ ಕುಳ್ಳ. ಎದೆಮಟ್ಟದ ಎತ್ತರ, ಕಾಲಿನ ಬದಲು ಗಾಲಿ. ಮನೆಯಲ್ಲೇ ಕೈಗವಸು, ದಪ್ಪ ಕನ್ನಡಕ ತೊಟ್ಟರೆ ನಮ್ಮ ಬೆರಳಾಡಿದಂತೆ ಅದರ ಕೈ, ನಮ್ಮ ತಲೆ ಆಡಿದಂತೆ ಅದರ ತಲೆ. ಹೋಗು ಅಂದರೆ ಹೋಗುತ್ತಿತ್ತು. ಅದರ ಜಾಲಕ್ಕೆ ಒಬ್ಬ ಯಜಮಾನನೆಂಬುವನಿರಲಿಲ್ಲ. ಯಾರ ಕೈಗವಸು ಯಾವಾಗ ನಡೆಸಿತೆಂಬ ಗುರುತು ಎಲ್ಲ ಸದಸ್ಯರ ಮನೆಯ ಯಂತ್ರಗಳಲ್ಲೂ ಉಳಿಯುತ್ತಿತ್ತು; ಒಬ್ಬರು ಅಳಿಸಿದರೆ ಅಳಿಯುವಂಥದ್ದಲ್ಲ. ಇಂದು ಊಟದ ಹೊತ್ತಿನಲ್ಲಿ ಕುಳ್ಳನ ಕೈಯಲ್ಲಿ ಪಿಟೀಲು ಒಡೆದಾಗ ಅದನ್ನು ನಡೆಸಿದ್ದು ಪಿಟೀಲು ಮೇಷ್ಟ್ರ ಕೈಗವಸು.

ಮೇಷ್ಟ್ರು ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ತೋಳು ಏಳದು, ಬೆರಳು, ಕುತ್ತಿಗೆ ಮಾತ್ರ ಆಡುತ್ತಿದ್ದವು. ತಮ್ಮ ಲಂಬು ಕೈಗವಸು, ಕನ್ನಡಕ ತೊಡಿಸಿದರೆ ಕುಳ್ಳನ ಕೈಯಿಂದ ಪಿಟೀಲು ಕಟ್ಟುತ್ತಿದ್ದರು. ನಾನು ಬೇಗ ಉಂಡು ನಿದ್ದೆ ಹೋಗಿದ್ದೆ ಎಂದು ಅವರೆಂದರೂ ಯಾರೂ ನಂಬಲಿಲ್ಲ. ನಡುಗುವ ಕೈಗೆ ಕುಳ್ಳನನ್ನು ಕೊಡುವುದು ಬೇಡವೆಂದು ಸಂಜೆ ಸಭೆಯಲ್ಲಿ ತೀರ್ಮಾನವಾಗುವುದಿತ್ತು. ಕುಳ್ಳ ಹೋದರೆ ಮೇಷ್ಟ್ರಿಗೆ ಕೈಯೇ ಹೋದಂತೆ.

ರಟ್ಟಮ್ಮ ಅಟ್ಟದ ಮೇಲಿನ ನರ್ಸಮ್ಮನ ಹತ್ತಿರ ಓಡಿದಳು. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ನರ್ಸಮ್ಮನಿಗೆ ಬೀದಿಯ ಕಳವು, ಜಗಳ, ಗುಟ್ಟುಗಳನ್ನು ಬಿಡಿಸುವುದೇ ಈಗಿನ ಉದ್ಯೋಗ. ರಟ್ಟಮ್ಮ ಅವಳ ಬಲಗೈ.

"ನೀನೇನು ಕಂಡೆ, ಅದನ್ನ ಹೇಳೇ. ಊರಿನವರು ಹೇಳಿದ್ದು ಬೇಡ."

"ಪಿಟೀಲು ಅಂಗಡಿ ಎದುರು ಜಗಲಿ ಮೇಲೆ ಉಣ್ತಾ ಇದ್ದೆ ಅಕ್ಕ. ಕಿಟಕೀಲಿ ಕುಳ್ಳ ಕಾಣಿಸ್ತು. ಒಣಕೋಣೆ ಬಾಗಿಲಲ್ಲಿ ತಲೆ ಬಗ್ಗಿಸ್ತು ನೋಡಿ, ನಗು ತಡೆಯಕ್ಕಾಗಲಿಲ್ಲ. ಇರೋದೇ ಇಷ್ಟುದ್ದ, ಬಾಗಿಲಿಗೆ ನಮಸ್ಕಾರ ಬೇರೆ!"

ನರ್ಸಮ್ಮ ನಗಲಿಲ್ಲ. "ಎಲ್ಲರನ್ನೂ ಸೇರಿಸು. ಲಂಬು ಇರಲೇಬೇಕು," ಎಂದಳು.

ಸಂಜೆ ಪಿಟೀಲು ಅಂಗಡಿಯಲ್ಲಿ ಸೇರಿದ ಸಭೆಗೆ ಮೇಷ್ಟ್ರೂ ಬಂದರು, ಕುಳ್ಳನೊಳಗಿನ ದನಿಯಾಗಿ.

"ಮೇಷ್ಟ್ರೇ, ಒಣಕೋಣೆಗೆ ಹೋಗಿ ಬನ್ನಿ ನೋಡೋಣ," ಎಂದಳು ನರ್ಸಮ್ಮ.

ಕುಳ್ಳ ತಲೆಯೆತ್ತಿಕೊಂಡೇ ಹೋಗಿ ಬಂತು.

"ನೋಡಿದ್ರಲ್ಲ? ಮೇಷ್ಟ್ರಿಗೆ ಕುಳ್ಳನ ಎತ್ತರ ರೂಢಿಯಾಗಿದೆ. ನಮ್ಮಲ್ಲಿ ಅದನ್ನ ನಡೆಸೋ ಯಾರೂ ಬಗ್ಗಲ್ಲ. ಮಧ್ಯಾಹ್ನ ನಡೆಸಿದವರು ಬಗ್ಗಿದ್ರು. ಅಂದ್ರೆ ನಡೆಸೋಕೆ ಹೊಸಬರು. ಸ್ವಂತ ತಲೆ ಹೊತ್ತುಕೊಂಡು ಆ ಬಾಗಿಲಲ್ಲಿ ದಿನಾ ಓಡಾಡೋ ಉದ್ದದವರು. ಜಾಲಕ್ಕೆ ಕೈಗವಸಿನ ಗುರುತು ಗೊತ್ತು, ಒಳಗಿರೋ ಕೈ ಯಾರದು ಅಂತ ಗೊತ್ತಿಲ್ಲ. ಊಟದ ಹೊತ್ತಲ್ಲಿ ನಿದ್ದೆ ಹೋದವರ ಕೈಯಿಂದ ಅದನ್ನ ಕಳಚಿಕೊಳ್ಳೋಕೆ ಪಕ್ಕದಲ್ಲಿ ಯಾರಿದ್ರು?" ನರ್ಸಮ್ಮ ಇನ್ನೊಂದು ಜೊತೆ ಕೈಗವಸು ಚಾಚಿದಳು. "ಲಂಬು, ನೀನೂ ಒಂದ್ಸಲ ನಡೆಸಪ್ಪ."

ಲಂಬು ಕೈ ಚಾಚಲಿಲ್ಲ. ಬಗ್ಗುತ್ತೇನೆಂಬ ಭಯಕ್ಕೆ ಅವನ ಕುತ್ತಿಗೆ ಆಗಲೇ ಬಿಗಿದಿತ್ತು.

"ಕೈಕಾಲು ನೆಟ್ಟಗಿರೋ ನಾನು ಕಟ್ಟಿದ್ದು ಯಾರಿಗೂ ಬೇಡ," ಎಂದ. "ಮಲಗಿರೋ ಅವನದೇ ಬೇಕು ಎಲ್ಲರಿಗೂ. ಅವನ ಬಾಯಿಗೆ ತುತ್ತಿಡೋನು ನಾನು, ಹೆಸರು ಅವನಿಗೆ."

ಪಾಪ ಅಂದಿದ್ದ ಅದೇ ಬಾಯಿ. ಅದನ್ನು ನಂಬಿ ಸಭೆಯಲ್ಲಿ ಮೇಷ್ಟ್ರ ವಿರುದ್ಧ ಕೈಯೆತ್ತಲು ಸಿದ್ಧಳಾಗಿದ್ದ ರಟ್ಟಮ್ಮನ ಮೈ ಉರಿಯಿತು.

ಕುಳ್ಳ ಲಂಬುವಿನ ಕಡೆ ತಿರುಗಿತು. ಅದರೊಳಗಿಂದ ಮೇಷ್ಟ್ರ ದನಿ ಬಂತು.

"ಸಭೆಗೆ ಅಂತ ಕೈಗವಸು ತೊಡಿಸಿ, ತಲೆ ಸವರಿ ಹೋದೆಯಲ್ಲೋ. ಈಗ ಬಿಚ್ಚೋಕೆ ನೀನು ಬರಬೇಡ. ಬೇರೆ ಯಾರಾದರೂ ಬನ್ನಿ."

ರಟ್ಟಮ್ಮ ಚಪ್ಪಲಿ ಮೆಟ್ಟಿದಳು.