ಕೊರಗಪ್ಪನ ಕೆಂಪು ಕಾರಿನ ಸ್ಟೀರಿಂಗ್

ಶಟರ್ ಮೇಲೆತ್ತಿದ ಈಶ್ವರ ಎರಡು ಹೆಜ್ಜೆ ಒಳಗಿಟ್ಟು ನಿಂತುಬಿಟ್ಟ. ಕಾರು ಇತ್ತು. ಕಾರಿನ ಸ್ಟೀರಿಂಗ್ ಇರಲಿಲ್ಲ!

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಅರವತ್ತರ ದಶಕದ, ಎರಡೇ ಸೀಟಿನ ಕೆಂಪು ಟ್ರಯಂಫ್. ನಿನ್ನೆ ಸಂಜೆ ಒರೆಸಿ ಮದುವಣಗಿತ್ತಿ ಮಾಡಿಟ್ಟು ಹೋಗಿದ್ದ. ಈಗ ಡ್ರೈವರ್ ಸೀಟಿನ ಮುಂದೆ ಬರೀ ಒಂದು ಕಬ್ಬಿಣದ ಸರಳು ಚಾಚಿಕೊಂಡಿತ್ತು. ಗಂಟೆ ಎಂಟೂಕಾಲು. ಹನ್ನೊಂದಕ್ಕೆ ಹೊರಡಬೇಕು. 

ಅಂದು ಕೊರಗಪ್ಪನ ವರ್ಷಾಂತಿಕ. ಗ್ರಾಂಟ್ ರೋಡಿನಲ್ಲಿ ಹೋಟೆಲ್ ಇಟ್ಟಿದ್ದ ಕೊರಗಪ್ಪನಿಗೂ, ವಿಕ್ರೋಳಿ ಪಾರ್ಕ್‌ಸೈಟಿನ ಗುಡ್ಡದ ಮೇಲೆ ಗ್ಯಾರೇಜು ಇಟ್ಟಿದ್ದ ಬಾಗಲಕೋಟೆಯ ಈಶ್ವರನಿಗೂ ಮೂವತ್ತು ವರ್ಷದ ದೋಸ್ತಿ. ಈ ಹಳೆ ಕಾರನ್ನು ಇಬ್ಬರೂ ಸೇರಿ ಎಬ್ಬಿಸುತ್ತೇವೆ ಎಂದು ಪಣ ತೊಟ್ಟವರು. ಕೆಲಸ ಅರ್ಧ ಆಗುವಷ್ಟರಲ್ಲಿ ಕೊರಗಪ್ಪ ಹೋಗಿಬಿಟ್ಟ. ಅವನ ತಮ್ಮ ಧನರಾಜ್‌ಗೆ ಕಾರೆಂದರೆ ಬರೀ ತುಕ್ಕು. ವರ್ಷಾಂತಿಕದ ದಿನ ಮಧ್ಯಾಹ್ನ ಎಲೆ ಹಾಕುವುದರೊಳಗೆ ಅದು ತಾನಾಗಿ ಓಡಿ ಹೋಟೆಲ್ ಮುಟ್ಟಬೇಕು, ಇಲ್ಲದಿದ್ದರೆ ಪುಣೆಯ ಸೇಟ್‌ಗೆ ಕೊಟ್ಟುಬಿಡುವುದು ಎಂದು ಅತ್ತಿಗೆ ವಸಂತಿಯನ್ನು ಒಪ್ಪಿಸಿದ್ದ. ಈಶ್ವರ ಒಂದು ವರ್ಷ ಬೆವರು ಸುರಿಸಿ ಕಾರನ್ನು ಎಬ್ಬಿಸಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರುವ ಹೊತ್ತಿಗೆ ಹೀಗೆ!

ಪಕ್ಕದ ಚಾಳಿನಲ್ಲಿ ನೀಲಾವತಿ ಇದ್ದಳು. ಮುಂಬೈ ಪೊಲೀಸಿನಲ್ಲಿ ಹವಾಲ್ದಾರಳಾಗಿ ನಿವೃತ್ತಳಾದವಳು. ಈಶ್ವರ ಓಡಿಹೋಗಿ ಬಾಗಿಲು ಬಡಿದ.

"ನೀಲಕ್ಕಾ, ನಾ ಕೆಟ್ಟೆ! ಲಗೂ ಬಾ!"

ಅವಳು ಚಪ್ಪಲಿ ಮೆಟ್ಟಿ ಬಂದಳು. ಮೊದಲು ಬೀಗ ನೋಡಿದಳು.

"ಬೀಗ ಒಡದಿಲ್ಲ. ಕೀಲಿ ಯಾರ ಹತ್ರ ಅದಾವ?"

"ನನ್ನ ಹತ್ರ ಒಂದು. ಪೇಂಟರ್ ದೂಜನ ಹತ್ರ ಒಂದು. ವಸಂತಿ ವೈನಿ ಹತ್ರ ಒಂದು."

"ಮತ್ತೇನರ ಹೋಗೇತೇನು?"

ಈಶ್ವರ ಸುತ್ತ ನೋಡಿದ. ಲಂಡನ್ನಿನಿಂದ ತರಿಸಿದ್ದ ದೀಪಗಳು ಹಾಗೇ ಇದ್ದವು. ಕಪಾಟಿನ ಪಾನಾ, ಸ್ಕ್ರೂಡ್ರೈವರ್ ಎಲ್ಲ ಇದ್ದವು.

"ಇಲ್ಲಕ್ಕಾ. ಸ್ಟೀರಿಂಗ್ ಒಂದ."

"ಈ ಸರಳಿನ ಮ್ಯಾಲ ನಟ್ಟು ಯಾಕ ಅದ? ನೀ ತಿರುವಿದೇನು?"

"ನಾ ಮುಟ್ಟೇ ಇಲ್ಲ."

ನೀಲಾವತಿ ಬಗ್ಗಿದಳು. ಸ್ಟೀರಿಂಗ್ ಬಿಚ್ಚಿದವನು ವಾಶರ್ ಸಮೇತ ನಟ್ಟನ್ನು ಮತ್ತೆ ಅದರ ಜಾಗಕ್ಕೇ ತಿರುಗಿಸಿಟ್ಟಿದ್ದ. ಅವಳು ಹುಬ್ಬು ಗಂಟಿಕ್ಕಿ ಬಾನೆಟ್ ಎತ್ತಿಸಿದಳು. ಬ್ರೇಕಿನ ಎಣ್ಣೆ ಹಾಕುವ ಡಬ್ಬಿಯ ಕೆಳಗೆ, ಕೆಂಪು ತಗಡಿನ ಮೇಲೆ ಒಂದು ಜಿಡ್ಡಿನ ಹನಿ.

"ಇದೇನು?"

"ಮೊನ್ನೆ ಬ್ರೇಕ್ ಆಯಿಲ್ ಹಾಕೂಮುಂದ ಚೆಲ್ಲಿರಬೇಕು," ಎಂದು ಈಶ್ವರ ಹೆಗಲ ಮೇಲಿನ ಅರಿವೆಯಿಂದ ಒರೆಸಿದ. ಕೆಳಗಿನ ಬಣ್ಣ ಕನ್ನಡಿಯಂತೆ ಹೊಳೆಯಿತು. ಅವನ ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು. ಒಂಬತ್ತಾಗುತ್ತಿತ್ತು.

ಅಷ್ಟರಲ್ಲಿ ಪೇಂಟರ್ ದೂಜ ಬಂದ. ಮಂಗಳೂರಿನವನು, ಮಾತು ಕಡಿಮೆ. ವಿಷಯ ಕೇಳಿ "ದೇವರೇ" ಎಂದು ಮೂಲೆಯ ಸ್ಟೂಲಿನ ಮೇಲೆ ಕೂತ. ನೀಲಾವತಿ ಅವನ ಬಣ್ಣದ ಮೇಜಿನ ಬಳಿ ಹೋಗಿ ಬ್ರಶ್ಶು, ಡಬ್ಬಿ ಎಲ್ಲ ಸರಿಸಿ ನೋಡಿದಳು. ಕೆಂಪು ಬಣ್ಣ ಬಳಿದ ಅಂಗೈಯಗಲದ ತಗಡೊಂದನ್ನು ಎತ್ತಿ ನೋಡಿ ಕೆಳಗಿಟ್ಟಳು.

"ನಿನ್ನಿ ಇಲ್ಲಿ ಯಾರರ ಜಗಳ ಆಡೀರೇನು?"

ಈಶ್ವರ ತಡವರಿಸಿದ. "ಜಗಳ ಅಲ್ಲ... ಕೊರಗಪ್ಪನ ಸಾಮಾನಿನ ಬಗ್ಗೆ ದೂಜ ಏನೋ ಅನ್ನಾಕ ಬಂದ. ನನಗ ಸಿಟ್ಟು ಬಂತು. ಸತ್ತವನ ಮ್ಯಾಲ ಒಂದ ಮಾತು ಆಡಿದ್ರ ಈ ಹೊಸ್ತಿಲ ತುಳೀಬ್ಯಾಡ ಅಂದೆ."

"ಏನ ಅನ್ನಾಕ ಬಂದ?"

"ಕೇಳಲಿಲ್ಲ ನಾ."

ಹತ್ತಕ್ಕೆ ವಸಂತಿ, ಧನರಾಜ್ ಇಬ್ಬರೂ ಬಂದರು. ಫೋನಿನಲ್ಲೇ ಸುದ್ದಿ ತಿಳಿದಿದ್ದ ಧನರಾಜ್ ಬಾಗಿಲಲ್ಲೇ ಶುರು ಮಾಡಿದ.

"ಕಾರು ಓಡುದಿಲ್ಲ ಅಂತ ಇವರಿಗೆ ಮೊದಲೇ ಗೊತ್ತುಂಟು. ಮರ್ಯಾದೆ ಉಳಿಸ್ಲಿಕ್ಕೆ ಸ್ಟೀರಿಂಗ್ ಅಡಗಿಸಿಟ್ಟು ಕಳವು ಅಂತ ನಾಟಕ!"

ಈಶ್ವರ ಹೆಗಲ ಮೇಲಿನ ಅರಿವೆ ಕೆಳಗೆಸೆದ. ಮೂವತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನ ಮನೆಯವರು ತನ್ನನ್ನು ಕಳ್ಳ ಎನ್ನುತ್ತಿದ್ದಾರೆ. ಕಾರು ಹೋದರೆ ಹೋಗಲಿ, ವಸಂತಿಯೂ ನಂಬಿಬಿಟ್ಟರೆ? ಅವನು ಅವಳ ಮುಖ ನೋಡಲು ಹೆದರಿದ.

"ಈಶ್ವರಣ್ಣ ಹಾಗೆ ಮಾಡುವವರಲ್ಲ," ಎಂದಳು ವಸಂತಿ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ನೀಲಾವತಿ ಧನರಾಜ್ ಕಡೆ ತಿರುಗಿದಳು. "ನಿನ್ನಿ ನೀವೂ ಬಂದಿದ್ರಂತ?"

"ಪುಣೆಯವರಿಗೆ ಕಾರು ತೋರಿಸ್ಲಿಕ್ಕೆ ಬಂದದ್ದು. ನಾನ್ಯಾಕೆ ಕದೀಲಿ?"

"ಕದ್ದೀರಿ ಅಂತ ಯಾರಂದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಧನರಾಜ್ ಕೆಂಪಗಾದ. "ಹಳೇ ಸ್ಟೀರಿಂಗ್ ಇಲ್ಲದಿದ್ರೆ ಸೇಟ್ ಅರ್ಧ ಬೆಲೆಯೂ ಕೊಡುದಿಲ್ಲ ಮಾರಾಯ್ರೆ! ನನಗೇ ನಷ್ಟ."

"ಖರೆ," ಎಂದಳು ನೀಲಾವತಿ. "ಅದಕ್ಕ ನೀವಲ್ಲ."

ಅವಳು ಕಾರಿನ ಸರಳಿನ ಬಳಿ ಹೋಗಿ ನಿಂತಳು. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

"ಕಳ್ಳ ಆಗಿದ್ರ ದೀಪ ಬಿಡ್ತಿದ್ದಿಲ್ಲ. ಕಳ್ಳ ನಟ್ಟು ಬಿಸಾಕಿ ಓಡ್ತಾನ. ಇವ ನಟ್ಟು ಕಳೀಬಾರದು ಅಂತ ತಿರುವಿಟ್ಟಾನ, ಅಂದ್ರ ಸ್ಟೀರಿಂಗ್ ವಾಪಸ್ ಹಾಕೂದೇ ಅದ. ಅವನಿಗೆ ಸ್ಟೀರಿಂಗ್ ಬೇಕಾಗಿದ್ದಿಲ್ಲ. ಇವತ್ತ ಈ ಕಾರು ಹೊರಗ ಹೋಗಬಾರದಿತ್ತು, ಅಷ್ಟ. ಕೀಲಿ ಇದ್ದವರು ಮೂರು ಮಂದಿ. ವಸಂತಿಯವರು ಆ ನಟ್ಟು ಬಿಚ್ಚೂದು ಆಗದ ಮಾತು. ಈಶ್ವರ ಬಿಚ್ಚಿದ್ರ ನನ್ನ ಬಾಗಿಲಾ ಬಡೀತಿದ್ದಿಲ್ಲ." ಅವಳು ಮೂಲೆಗೆ ನೋಡಿದಳು. "ದೂಜ, ಎಲ್ಲಿಟ್ಟಿ?"

ದೂಜ ತಲೆ ತಗ್ಗಿಸಿದ. ಎದ್ದುಹೋಗಿ, ಬಣ್ಣ ಹೊಡೆಯುವ ಕೋಣೆಯ ಪರದೆಯ ಹಿಂದಿನಿಂದ ಹಳೆ ಚಾದರದಲ್ಲಿ ಸುತ್ತಿದ್ದ ಸ್ಟೀರಿಂಗ್ ತಂದ.

ಈಶ್ವರ ಅವನ ಮೇಲೆ ನುಗ್ಗಿದ. "ನನ್ನ ಅನ್ನಾ ಉಂಡು ನನಗ..."

"ತಡಿ!" ನೀಲಾವತಿ ಬಣ್ಣದ ಮೇಜಿನ ಮೇಲಿದ್ದ ಆ ಕೆಂಪು ತಗಡನ್ನು ಅವನ ಮುಖಕ್ಕೆ ಹಿಡಿದಳು. "ಇದನ್ನ ನೋಡು. ಎಲ್ಲಾರೂ ಬಣ್ಣದ ಸ್ಯಾಂಪಲ್ ಅಂದ್ಕೊಂಡೀರಿ. ಇದರ ಮ್ಯಾಲ ಎರಡು ಹನಿ ಬಿದ್ದಾವ. ಒಂದರ ಕೆಳಗ ಬಣ್ಣ ಹಪ್ಪಳದಂಗ ಎದ್ದೇತಿ. ಇನ್ನೊಂದರ ಕೆಳಗ ಏನೂ ಆಗಿಲ್ಲ. ಬ್ರೇಕ್ ಆಯಿಲ್ ಬಣ್ಣದ ಮ್ಯಾಲ ಬಿದ್ರ ಏನಾಗ್ತದ, ಮಿಸ್ತ್ರಿ?"

"ಬಣ್ಣ ಏಳ್ತದ," ಎಂದ ಈಶ್ವರ. ಎಂದವನೇ ಬಾನೆಟ್ ಕಡೆ ತಿರುಗಿದ.

"ಬಾನೆಟ್ ಒಳಗ ಎರಡು ದಿನ ಬಿದ್ದಿದ್ದ ಹನಿ ಆಗ ಒರೆಸಿದೆಲ್ಲಾ, ಬಣ್ಣ ಎದ್ದಿತ್ತೇನು?"

ಈಶ್ವರ ಕಪಾಟಿನಿಂದ ಒಂದು ಎಣ್ಣೆ ಡಬ್ಬಿ ತೆಗೆದ. "ನಾ ಹಾಕಿದ್ದು ಇದನ್ನ. ಈ ಡಬ್ಬಿ ಕೊರಗಪ್ಪ ಇಟ್ಟಿದ್ದು. ಮ್ಯಾಲ ಬ್ರೇಕ್ ಆಯಿಲ್ ಅಂತ ಅದ. ಅವನ ಕೈಯಿಂದ ಇಟ್ಟಿದ್ದನ್ನ ಹಾಕಬೇಕು ಅಂತ ಕಾಯ್ದಿಟ್ಟಿದ್ದೆ..."

"ರುಬ್ಬುವ ಮಶಿನಿನ ಎಣ್ಣೆ ಅದು," ದೂಜ ಮೆಲ್ಲಗೆ ಹೇಳಿದ. "ಮೂಸಿದ ಕೂಡ್ಲೆ ಗೊತ್ತಾಯ್ತು. ಆದ್ರೂ ಅಂಗಡಿಯ ಬ್ರೇಕ್ ಆಯಿಲ್ ಒಂದು ಹನಿ, ಇದು ಒಂದು ಹನಿ ಹಾಕಿ ನೋಡಿದೆ. ಆ ಎಣ್ಣೆಗೆ ಬ್ರೇಕಿನ ರಬ್ಬರ್ ಉಬ್ಬಿ ಹಾಳಾಗ್ತದಲ್ಲ? ಹೇಳ್ಲಿಕ್ಕೆ ಬಂದೆ. ನೀವು ಕೇಳ್ಬೇಕಲ್ಲ ಈಶ್ವರಣ್ಣ."

ವಸಂತಿ ಅಲ್ಲೇ ಗೋಡೆಗೊರಗಿದಳು. "ನಮ್ಮ ಹೋಟೆಲಿನಲ್ಲಿ ಯಾವ ಡಬ್ಬಿಯಲ್ಲಿ ಮೇಲೆ ಬರೆದದ್ದು ಉಂಟು? ಬಿಸ್ಕೆಟ್ ಡಬ್ಬಿಯಲ್ಲಿ ಸಾಸಿವೆ, ಟೀ ಪುಡಿ ಡಬ್ಬಿಯಲ್ಲಿ ಇಂಗು. ಖಾಲಿ ಡಬ್ಬಿ ಕಂಡ್ರೆ ಇವರು ಏನಾದ್ರೂ ತುಂಬಿಸದೆ ಬಿಡ್ತಿರ್ಲಿಲ್ಲ."

"ಸುಳ್ಳು," ಎಂದ ಈಶ್ವರ. "ನಿನ್ನಿ ಮುಂಜಾನೆ ಓಡಿಸಿದಾಗ ಬ್ರೇಕ್ ಹಿಡಿದಿತ್ತು."

ಕಾರಿನೊಳಗೆ ಕೂತು ಪೆಡಲ್ ಒತ್ತಿದ. ಅರ್ಧದವರೆಗೆ ಗಟ್ಟಿಯಾಗಿತ್ತು. ಒತ್ತಿ ಹಿಡಿದ. ಪೆಡಲ್ ನಿಧಾನ ಜಾರಿ ತಳ ಮುಟ್ಟಿತು. ಇನ್ನೊಮ್ಮೆ ಒತ್ತಿದ. ಈ ಸಲ ಸೀದಾ ತಳ. ದೂಜ ಬಗ್ಗಿ ಮುಂದಿನ ಚಕ್ರದ ಹಿಂದೆ ಕೈಯಾಡಿಸಿ, ಎಣ್ಣೆಯಾದ ಬೆರಳು ತೋರಿಸಿದ.

ಗ್ಯಾರೇಜಿನ ಹೊರಗೆ ಪಾರ್ಕ್‌ಸೈಟಿನ ಇಳಿಜಾರು. ಕೆಳಗೆ ಬಸ್ ಸ್ಟಾಪು, ತರಕಾರಿ ಗಾಡಿಗಳು, ಶಾಲೆಯ ಗೇಟು. ಗಂಟೆ ಹನ್ನೊಂದಾಗಲು ಐದು ನಿಮಿಷವಿತ್ತು. ಹನ್ನೊಂದಕ್ಕೆ ವಸಂತಿ ಈ ಪಕ್ಕದ ಸೀಟಿನಲ್ಲಿ ಕೂರಬೇಕಿತ್ತು. ಈಶ್ವರ ಪೆಡಲ್ ಮೇಲಿಂದ ಕಾಲು ತೆಗೆದ.

ಧನರಾಜ್ ಬಾಯಿ ತೆರೆದ. ವಸಂತಿ ಅವನನ್ನು ಮಾತಾಡಗೊಡಲಿಲ್ಲ.

"ಟ್ಯಾಕ್ಸಿ ಕರಿ ಧನರಾಜ. ಎಲೆ ಹಾಕುವ ಹೊತ್ತಾಗ್ತದೆ. ಪುಣೆಯ ಸುದ್ದಿ ಇನ್ನು ಎತ್ತಬೇಡ. ಹೋದ ವರ್ಷ ಅವರು ಹೋದರು. ಇವತ್ತು ನಾನು, ಈಶ್ವರಣ್ಣ ಇಬ್ಬರೂ ಹೋಗ್ತಿದ್ದೆವು."

ಧನರಾಜ್ ಟ್ಯಾಕ್ಸಿ ಹುಡುಕಲು ಹೊರಗೆ ಹೋದ. ಈಶ್ವರ ಕಾರಿನಿಂದ ಇಳಿದ. ಸತ್ತ ಗೆಳೆಯನ ಮೇಲೆ ಮೊದಲ ಸಲ ಒಂದು ಮಾತು ಆಡಿದ.

"ಕೊರಗಪ್ಪ ತಪ್ಪ ಮಾಡ್ಯಾನ. ಅವಂದು ಒಂದು ಪಾಲಾದ್ರ ನಂದು ಹತ್ತು ಪಾಲು."

ದೂಜ ಸ್ಟೀರಿಂಗ್ ಮುಂದೆ ಚಾಚಿದ. ಈಶ್ವರ ತೆಗೆದುಕೊಳ್ಳಲಿಲ್ಲ. ಜಾರಿದ್ದ ಚಾದರವನ್ನು ಅದರ ಮೇಲೆ ಎಳೆದು ಸರಿಯಾಗಿ ಸುತ್ತಿದ.

"ನಿನ್ನ ಮನ್ಯಾಗ ಇಟ್ಕೋ. ಬ್ರೇಕ್ ಎಲ್ಲಾ ಹೊಸದಾಗಿ ಹಾಕ್ತೀನಿ. ನೀ ನೋಡಿ ಹೂಂ ಅಂದ ದಿನ ತಾ."